ಬಾಗಿಲ ಕೆಳಗಿನ ಗಾರ್ಡ್: ಒಂದು ಬೊಲೆರೊ, ಒಂದು ಫುಲ್ ಪೈಪು

"ಮಾಮಾ, ಬಾಗ್ಲಾನೇ ತೆರೀವಲ್ದು ನೋಡ್ರಿ."

ಅಕ್ಕನ ಮಗ ಶಹಾಬಾದ್ ಕಡೆಯ ಕಲ್ಲಿನ ಖಣಿಯಿಂದ ಫೋನ್ ಮಾಡಿದ್ದ. ಅವನ ಹಳೆ ಬೊಲೆರೊ ಫರಸಿ ಕಲ್ಲಿನ ಚಪ್ಪಡಿಯ ಅಂಚಿನ ಮೇಲೆ ಹೊಟ್ಟೆ ಹಚ್ಚಿ ಕೂತಿತ್ತು. ಬಾಗಿಲ ಕೆಳಗೆ ಪೈಪ್ ಹಾಕಿಕೊಟ್ಟವನು ನಾನೇ. ಹೋಗಿ ನೋಡಿದೆ. ಪೈಪಿಗೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಆ ಪೈಪನ್ನು ಹಿಡಿದಿದ್ದ ತಗಡು ಮೇಲೆದ್ದು, ಬಾಗಿಲ ಕೆಳಗಿನ ಅಂಚು ಒಳಕ್ಕೆ ಮಡಚಿ, ಬಾಗಿಲನ್ನೇ ಕಚ್ಚಿ ಹಿಡಿದಿತ್ತು. ನಾನು ಪೈಪಿನ ಬ್ರಾಕೆಟ್ಟುಗಳನ್ನು ಬಾಡಿಯ ತಗಡಿಗೆ ಬೋಲ್ಟ್ ಮಾಡಿದ್ದೆ. ಗಟ್ಟಿ ಪೈಪು, ಮೆತ್ತನೆ ತಗಡು. ಕಲ್ಲು ಪೈಪನ್ನು ತಳ್ಳಿತು, ಪೈಪು ತಗಡನ್ನು ತಳ್ಳಿತು. ಪೈಪ್ ಇಲ್ಲದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ ಅಂತ ಅವತ್ತೇ ಅನಿಸಿತು.

ಕಲಬುರಗಿಯಲ್ಲಿ ನನ್ನದು ಚಿಕ್ಕ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರ್ ಟ್ರಾಲಿ, ಕುಂಟೆ, ಕಿಟಕಿ ಗ್ರಿಲ್, ನೀರಿನ ಟ್ಯಾಂಕಿನ ಸ್ಟ್ಯಾಂಡ್, ಇದೇ ದಿನದ ಕೆಲಸ. ಈಚೆಗೆ ಥಾರ್ ತಗೊಂಡ ಹುಡುಗರು ಶಹಾಪುರದ ಗುಡ್ಡದ ಕಡೆ ಹೋಗಿ ಗಾಡಿ ಉಜ್ಜಿಸಿಕೊಂಡು ಬರ್ತಾರೆ. ಅಲ್ಲಿಯದು ದುಂಡು ದುಂಡಾದ ಗ್ರಾನೈಟ್ ಬಂಡೆ. ನಮ್ಮ ಶಹಾಬಾದ್, ಚಿತ್ತಾಪುರ ಕಡೆಯದು ಪದರ ಪದರವಾದ ಸುಣ್ಣದ ಕಲ್ಲು, ಒಡೆದರೆ ಅಂಚು ಕತ್ತಿಯ ಹಾಗೆ. ಬಂಡೆ ಒತ್ತುತ್ತದೆ, ಫರಸಿ ಕೊಯ್ಯುತ್ತದೆ. ಎರಡಕ್ಕೂ ಗಾರ್ಡ್ ಒಂದೇ, ಆದರೆ ಅದನ್ನು ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಕಟ್ಟಬೇಕು. ಬಾಡಿಗೆ ಮುಟ್ಟಿಸಲೇಬಾರದು. ಆ ಬೊಲೆರೊಗೆ ಎರಡನೇ ಸಲ ಮಾಡಿದ ಕೆಲಸವನ್ನೇ ಇಲ್ಲಿ ಹೇಳುತ್ತೇನೆ. ಒಂದೊಂದು ಬದಿಗೆ ಚಾಸಿಯಿಂದ ಹೊರಕ್ಕೆ ಚಾಚಿದ ಮೂರು ಕಾಲು, ಅವಕ್ಕೆ ಕೂಡಿಸಿ ಬಾಗಿಲ ಕೆಳಗೆ ಉದ್ದಕ್ಕೆ ಎರಡು ಪೈಪು, ಒಳಗೊಂದು, ಹೊರಗೊಂದು.

ಮೊದಲು ನಿಮ್ಮ ಗಾಡಿಗೆ ಬೇರೆ ಚಾಸಿ ಇದೆಯಾ ನೋಡಿ. ಬೊಲೆರೊ, ಥಾರ್, ಜಿಮ್ನಿ, ಹಳೆ ಜಿಪ್ಸಿ, ಇವೆಲ್ಲ ಏಣಿಯಂಥ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಕಾರಿನ ಹಾಗೆ ಬಾಡಿ, ಚಾಸಿ ಎರಡೂ ಒಂದೇ ಆಗಿರುವ ಗಾಡಿಗೆ ಈ ವಿಧಾನ ನಡೆಯಲ್ಲ, ಅದಕ್ಕೆ ಕೈ ಹಾಕಬೇಡಿ.

ಅಳತೆ ತೆಗೆಯುವಾಗ ಗಾಡಿ ತನ್ನ ಗಾಲಿಯ ಮೇಲೇ ನಿಂತಿರಲಿ, ಸಮ ನೆಲದಲ್ಲಿ. ಜಾಕ್ ಮೇಲೆ ಎತ್ತಿ ಅಳೆದರೆ ಗಾಲಿ ಜೋತು ಬಿದ್ದು ಲೆಕ್ಕ ತಪ್ಪುತ್ತದೆ. ಬೊಲೆರೊದ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 2680 ಎಂಎಂ. ಈಗಿನ ಥಾರ್ ಮೂರು ಬಾಗಿಲಿನದು 2450. ಅದರಲ್ಲಿ ಒಂದು ಟೈರಿನ ಪೂರ್ತಿ ವ್ಯಾಸ ಕಳೆಯಬೇಕು. ಆಮೇಲೆ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ಎಲ್ಲಿಯವರೆಗೆ ಬರುತ್ತದೆ ನೋಡಬೇಕು. ಅಲ್ಲಿಂದ ಒಂದು ಅಂಗೈ ಬಿಟ್ಟು ಗುರುತು ಮಾಡಿ. ಎರೆ ಮಣ್ಣು ಮೆತ್ತಿಕೊಂಡ ಟೈರು ಒಣ ಟೈರಿಗಿಂತ ದಪ್ಪ, ಅದನ್ನು ಮರೀಬೇಡಿ. ನಮ್ಮ ಗಾಡಿಗೆ ಒಳಗಿನ ಪೈಪು 1650 ಎಂಎಂ ಬಂತು.

ಈಗ ಗಾಡಿಯ ಕೆಳಗೆ ಮಲಗಿ. ಅವಸರ ಬೇಡ, ಅರ್ಧ ಗಂಟೆ ಸುಮ್ನೆ ನೋಡಿ. ಬ್ರೇಕ್ ಪೈಪ್ ಯಾವ ಕಡೆ ಹೋಗಿದೆ, ಡೀಸೆಲ್ ಪೈಪ್ ಎಲ್ಲಿ, ವೈರ್ ಎಲ್ಲಿ, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲಿ ಓಡಾಡುತ್ತದೆ, ಸೈಲೆನ್ಸರ್ ಯಾವ ಬದಿಗೆ. ಸೀಮೆಸುಣ್ಣದಲ್ಲಿ ಚಾಸಿಯ ಮೇಲೆ ಗುರುತು ಹಾಕಿ. ಎಡಗಡೆಯ ಕಾಲು ಕೂರುವ ಜಾಗದಲ್ಲೇ ಬಲಗಡೆಯದೂ ಕೂರುತ್ತದೆ ಅಂತ ಅಂದುಕೊಳ್ಳಬೇಡಿ. ನಮ್ಮದರಲ್ಲಿ ನಡುವಿನ ಕಾಲು ಎರಡು ಬದಿಗೂ ನಾಲ್ಕು ಬೆರಳು ಹಿಂದೆ ಮುಂದೆ ಆಗಿದೆ. ನೋಡೋರಿಗೆ ಕಾಣಲ್ಲ ಬಿಡಿ.

ಗಾಡಿ ಎತ್ತಬೇಕಾದಾಗ ಜಾಕ್ ಸ್ಟ್ಯಾಂಡ್ ಇಡಿ. ನಮ್ಮ ಕಡೆ ಎಲ್ಲದಕ್ಕೂ ಫರಸಿ ತುಂಡು ಇಡೋ ಚಟ. ಒಂದರ ಮೇಲೊಂದು ನಾಲ್ಕು ಫರಸಿ, ಮೇಲೆ ಗಾಡಿ, ಕೆಳಗೆ ಮನುಷ್ಯ. ಆ ಕಲ್ಲು ಮೊದಲೇ ಸೂಚನೆ ಕೊಟ್ಟು ಮುರಿಯಲ್ಲ, ಫಟ್ ಅಂತ ಹೋಗುತ್ತದೆ.

ಸಾಮಾನಿನ ಲೆಕ್ಕ ಹೀಗೆ. ಉದ್ದದ ಪೈಪಿಗೆ ಒಂದೂವರೆ ಇಂಚಿನ ಎಂಎಸ್, ಅಂದರೆ ಸಾದಾ ಕಬ್ಬಿಣದ ಪೈಪು, ಸಿ ಕ್ಲಾಸ್. ಅಂಗಡಿಯಲ್ಲಿ ಒಂದೂವರೆ ಅಂದರೂ ಹೊರಗಿನ ಅಳತೆ 48.3 ಎಂಎಂ ಇರುತ್ತದೆ, ದಪ್ಪ 4 ಎಂಎಂ. ಬಿ ಕ್ಲಾಸ್ ದಪ್ಪ 3.2. ಮಣ್ಣಿನ ದಾರಿಗೆ ಬಿ ಸಾಕು, ಕಲ್ಲಿಗೆ ಸಿ ಬೇಕು. ಕಾಲುಗಳಿಗೆ 50 ಬೈ 50 ಚೌಕ ಪೈಪು, ಅದೂ 4 ಎಂಎಂ. ಚಾಸಿಗೆ ಹಿಡಿಯುವ ಪ್ಲೇಟು 6 ಎಂಎಂ. ಬೋಲ್ಟು 12 ಎಂಎಂ, ತಲೆಯ ಮೇಲೆ 8.8 ಅಂತ ಕೊರೆದಿರಬೇಕು, ನಟ್ಟು ನೈಲಾಕ್, ಅಂದರೆ ಸಡಿಲ ಆಗದಂತೆ ಒಳಗೆ ನೈಲಾನ್ ಉಂಗುರ ಇರೋದು. ತಲೆಯ ಮೇಲೆ ಏನೂ ಇಲ್ಲದ ಬೋಲ್ಟು ಗೇಟಿಗೆ ಸರಿ, ಇದಕ್ಕಲ್ಲ.

ಜಿಐ, ಅಂದರೆ ಸತು ಬಳಿದ ಪೈಪ್ ಮಾತ್ರ ತರಬೇಡಿ. ತುಕ್ಕು ಹಿಡಿಯಲ್ಲ ಅಂತ ಆಸೆ ಆಗುತ್ತದೆ. ವೆಲ್ಡಿಂಗ್ ಹಚ್ಚಿದರೆ ಮೇಲಿನ ಸತು ಉರಿದು ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ರಾತ್ರಿ ಚಳಿ ಜ್ವರ ಗ್ಯಾರಂಟಿ. ಬೆಲ್ಲ ತಿಂದರೆ, ಹಾಲು ಕುಡಿದರೆ ಆಗುತ್ತದೆ ಅಂತ ನಮ್ಮ ಹಿರಿಯ ಮಿಸ್ತ್ರಿಗಳು ಹೇಳುತ್ತಿದ್ದರು. ನಾನು ಬೆಲ್ಲವನ್ನೂ ತಿಂದೆ, ಹಾಲನ್ನೂ ಕುಡಿದೆ, ಜ್ವರವೂ ಬಂತು.

ಪೈಪು ಸಿಗೋದು 6 ಮೀಟರಿನ ಫುಲ್ ಲೆಂತ್. ಎರಡು ಬದಿಗೆ ಒಳಗಿನ ಪೈಪು 1650ರಂತೆ 3300 ಹೋಯಿತು. ಹೊರಗಿನ ಪೈಪು 1500 ಇಡೋಣ ಅಂತ ಇದ್ದೆ. ಕೂಡಿಸಿ ನೋಡಿದರೆ 6300, ಅಂದರೆ 300 ಎಂಎಂಗಾಗಿ ಇನ್ನೊಂದು ಫುಲ್ ಪೈಪು ತರಬೇಕು. ಹೊರಗಿನದನ್ನು 1300ಕ್ಕೆ ಇಳಿಸಿದೆ. ಒಟ್ಟು 5900, ಕಟಿಂಗ್ ವ್ಹೀಲ್ ತಿಂದಿದ್ದು ಕಳೆದು ಒಂದು ಗೇಣಿಗಿಂತ ಕಡಿಮೆ ಉಳಿಯಿತು. ಎರಡು ಪೈಪಿನ ನಡುವಿನ ಸಣ್ಣ ತುಂಡುಗಳಿಗೆ, ಹೊರಗಿನ ಪೈಪಿನ ಎರಡು ತುದಿಯನ್ನು ಓರೆಯಾಗಿ ಒಳಗಿನದಕ್ಕೆ ಕೂಡಿಸುವುದಕ್ಕೆ ಅಂಗಡಿಯ ಗುಜರಿ ಡಬ್ಬಿಯೇ ಸಾಕಾಯಿತು. ತುದಿಯನ್ನು ಬಗ್ಗಿಸಲೇಬೇಕು ಅಂದರೆ ಬೆಂಡಿಂಗ್ ಮಷೀನ್ ಇರುವಲ್ಲಿ ಕೊಡಿ. ಮರಳು ತುಂಬಿ, ಕಾಯಿಸಿ ಬಗ್ಗಿಸುವವರು ಮರಳನ್ನು ಮೊದಲು ಬಾಣಲೆಯಲ್ಲಿ ಹುರಿದು ಒಣಗಿಸಿಕೊಳ್ಳಿ. ಹಸಿ ಮರಳಿದ್ದರೆ ಆವಿ ತುಂಬಿ ಕಟ್ಟಿಗೆ ಬಿರಡೆ ಗುಂಡಿನ ಹಾಗೆ ಹಾರುತ್ತದೆ.

ಪ್ಲೇಟಿನ ಅಳತೆಗೆ ನನ್ನ ಹತ್ತಿರ ಒಂದು ಉಪಾಯ ಇದೆ: ಹಳೆ ಲಗ್ನಪತ್ರಿಕೆ. ಬೇಸಿಗೆಯಲ್ಲಿ ಇದಕ್ಕೆ ಬರವಿಲ್ಲ. ದಪ್ಪ ಕಾರ್ಡು, ಕತ್ತರಿಗೆ ಬಗ್ಗುತ್ತದೆ, ಚಾಸಿಯ ಮೇಲೆ ಒತ್ತಿ ಹಿಡಿದರೆ ಆಕಾರ ಕೊಡುತ್ತದೆ. ಮೊದಲು ಕಾರ್ಡಿನಲ್ಲಿ ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ಕಬ್ಬಿಣಕ್ಕೆ ಕೈ ಹಚ್ಚಿ.

ಚಾಸಿಗೆ ಹಿಡಿಯುವ ರೀತಿಯಲ್ಲಿ ಜಾಸ್ತಿ ಯೋಚನೆ ಮಾಡಬೇಕು. ಕೆಲವರು ಕಾಲನ್ನು ನೇರ ಚಾಸಿಗೇ ವೆಲ್ಡ್ ಮಾಡುತ್ತಾರೆ. ನಾನು ಮಾಡಲ್ಲ. ಚಾಸಿಗೆ ಬಿಸಿ ಹಚ್ಚಿದ ಜಾಗದ ಪಕ್ಕದಲ್ಲೇ ಆಮೇಲೆ ಬಿರುಕು ಬಿಡೋದನ್ನು ಟ್ರಾಲಿಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬೋಲ್ಟ್ ಆದರೆ ಬಿಚ್ಚಬಹುದು, ಸೊಟ್ಟಾದರೆ ಬೆಂಚಿಗೆ ತಂದು ನೆಟ್ಟಗೆ ಮಾಡಬಹುದು.

ಚಾಸಿ ತೆರೆದ ಸಿ ಚಾನೆಲ್ ಆಗಿದ್ದರೆ ಅದರ ನಿಂತ ಮೈಗೆ ಹೊರಗೊಂದು ಪ್ಲೇಟು, ಒಳಗೊಂದು ಪ್ಲೇಟು ಇಟ್ಟು ಬೋಲ್ಟ್ ಹಾಯಿಸಿ. ಮೇಲಿನ, ಕೆಳಗಿನ ಅಡ್ಡ ಮೈಗೆ ತೂತು ಹಾಕಲೇಬೇಡಿ, ಚಾಸಿಯ ಶಕ್ತಿ ಇರೋದೇ ಅಲ್ಲಿ. ಮುಚ್ಚಿದ ಡಬ್ಬಿಯಂಥ ಚಾಸಿಯಾದರೆ ತೂತು ಕೊರೆದು ಬಿಗಿದಷ್ಟೂ ಡಬ್ಬಿ ಒಳಕ್ಕೆ ಅಪ್ಪಚ್ಚಿ ಆಗುತ್ತದೆ. ಅದಕ್ಕೆ ಒಳಗೆ ಬುಷ್ ಪೈಪ್, ಅಂದರೆ ಬೋಲ್ಟ್ ಹಾಯುವ ಗಟ್ಟಿ ಪೈಪಿನ ತುಂಡು, ಇಡಬೇಕು. ಇಲ್ಲವಾದರೆ ನಾನು ಮಾಡಿದ ಹಾಗೆ ಮಾಡಿ: ಚಾಸಿಗಿಂತ ಎತ್ತರದ ಎರಡು ಪ್ಲೇಟು, ಒಂದು ಒಳಗೆ, ಒಂದು ಹೊರಗೆ. ಬೋಲ್ಟು ಚಾಸಿಯ ಮೇಲಿಂದ ಎರಡು, ಕೆಳಗಿನಿಂದ ಎರಡು ಹಾಯುತ್ತವೆ. ರೊಟ್ಟಿಯ ನಡುವೆ ಪಲ್ಯ ಇಟ್ಟ ಹಾಗೆ ಚಾಸಿ ನಡುವೆ ಕೂರುತ್ತದೆ. ಒಂದೂ ತೂತಿಲ್ಲ. ಹಿಂದೆ ಮುಂದೆ ಜಾರದಿರಲಿ ಅಂತ ನಡುವಿನ ಕಾಲಿಗೆ ಮಾತ್ರ ಚಾಸಿಯಲ್ಲಿ ಕಂಪನಿಯವರೇ ಬಿಟ್ಟಿದ್ದ ಒಂದು ತೂತನ್ನು ಬಳಸಿಕೊಂಡೆ.

ಇಲ್ಲಿ ಒಂದು ಲೆಕ್ಕ ತಲೆಯಲ್ಲಿರಲಿ. ಬೊಲೆರೊ ಒಂದೂವರೆ ಟನ್ನಿಗಿಂತ ಜಾಸ್ತಿ. ಒಂದು ಬದಿ ಕಲ್ಲಿನ ಮೇಲೆ ಕೂತರೆ 800 ಕಿಲೋ ಬಂತು ಅನ್ನಿ. ಚಾಸಿಯಿಂದ ಪೈಪಿನವರೆಗೆ ಕಾಲು 300 ಎಂಎಂ ಉದ್ದ. ಕಲ್ಲು ಪೈಪನ್ನು ಮೇಲಕ್ಕೆ ಎತ್ತುವಾಗ ಪ್ಲೇಟಿನ ಮೇಲಿನ ಅಂಚು ಚಾಸಿಗೆ ಒತ್ತುತ್ತದೆ, ಕೆಳಗಿನ ಅಂಚು ಚಾಸಿಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಅಂದರೆ ಎಳೆತ ಎಲ್ಲ ಕೆಳಗಿನ ಬೋಲ್ಟಿಗೆ. ಮೇಲಿನ, ಕೆಳಗಿನ ಬೋಲ್ಟುಗಳ ನಡುವೆ 150 ಎಂಎಂ ಇದ್ದರೆ, ಪೂರ್ತಿ ಭಾರ ಒಂದೇ ಕಾಲಿನ ಮೇಲೆ ಬಿದ್ದಾಗ ಎಳೆತ 1600 ಕಿಲೋ. ಎರಡು 12 ಎಂಎಂ ಬೋಲ್ಟು ಅದನ್ನು ಆರಾಮಾಗಿ ತಡೆಯುತ್ತವೆ. ಅದೇ ಪ್ಲೇಟನ್ನು ಗಿಡ್ಡ ಮಾಡಿ ಅಂತರ 75 ಇಟ್ಟರೆ ಎಳೆತ ಎರಡು ಪಟ್ಟು. ಗಾಡಿ ಕಲ್ಲಿನ ಮೇಲೆ ಧೊಪ್ ಅಂತ ಬಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಪ್ಲೇಟು ದಪ್ಪ ಆಗೋದಕ್ಕಿಂತ ಎತ್ತರ ಆಗಲಿ.

ಚಾಸಿಯ ಕೆಳಗೆ ಹಾಯುವ ಬೋಲ್ಟು ಕಲ್ಲಿಗೆ ಸಿಕ್ಕರೆ ಎಳೆ ಹಾಳಾಗಿ ಬಿಚ್ಚೋಕೆ ಬರಲ್ಲ. ಪ್ಲೇಟನ್ನು ಬೋಲ್ಟಿಗಿಂತ 15 ಎಂಎಂ ಕೆಳಗೆ ಇಳಿಸಿ, ಮುಂದಿನ ಹಿಂದಿನ ಮೂಲೆಗಳನ್ನು ಓರೆಯಾಗಿ ಕತ್ತರಿಸಿ. ದೋಣಿಯ ತಳದ ಹಾಗೆ ಜಾರಿಕೊಂಡು ಹೋಗುತ್ತದೆ. ಪ್ಲೇಟಿಗೂ ಚಾಸಿಗೂ ನಡುವೆ ರಬ್ಬರ್ ತುಂಡು ಇಡೋ ಅಭ್ಯಾಸ ಕೆಲವರಿಗೆ ಇದೆ. ರಬ್ಬರ್ ಒತ್ತಿಕೊಂಡು ಬೋಲ್ಟು ಸಡಿಲ ಆಗುತ್ತದೆ, ಬೇಡ. ಎರಡು ಮೈಗೂ ಪೈಂಟ್ ಹಚ್ಚಿ ಬಿಗಿಯಿರಿ.

ಇನ್ನು ಪೈಪಿಗೆ ಪೈಪು ಕೂರಿಸುವ ಮೀನಿನ ಬಾಯಿ, ಅಂದರೆ ಒಂದು ಪೈಪಿನ ತುದಿ ಇನ್ನೊಂದರ ದುಂಡು ಮೈಗೆ ಕಚ್ಚಿ ಕೂರುವಂತೆ ಕತ್ತರಿಸೋದು. ಹೊಸ ಹುಡುಗರು ಇಲ್ಲೇ ಕೈ ಚೆಲ್ಲುತ್ತಾರೆ. ಅಂದಾಜಿಗೆ ಗ್ರೈಂಡರ್ ಆಡಿಸಿ, ಸಂದಿಯನ್ನು ರಾಡ್ ಸುರಿದು ತುಂಬಿಸುತ್ತಾರೆ. ಮೇಲೆ ಚಂದ ಕಾಣುತ್ತದೆ, ಒಳಗೆ ಪೊಳ್ಳು. ಮತ್ತೆ ಲಗ್ನಪತ್ರಿಕೆ ತಗೊಳ್ಳಿ. ಪೈಪಿನ ಸುತ್ತಳತೆ 152 ಎಂಎಂ. ಅಷ್ಟುದ್ದದ ಪಟ್ಟಿ ಕತ್ತರಿಸಿ 19 ಎಂಎಂಗೆ ಒಂದರಂತೆ ಎಂಟು ಮನೆ ಮಾಡಿ ಗೆರೆ ಎಳೆಯಿರಿ. ಮೇಲಿನ ಅಂಚಿನಿಂದ ಕೆಳಕ್ಕೆ ಒಂದೊಂದು ಗೆರೆಯ ಮೇಲೆ ಹೀಗೆ ಚುಕ್ಕೆ ಇಡಿ: 0, 17, 24, 17, ಮತ್ತೆ 0, 17, 24, 17, ಕೊನೆಗೆ 0. ಚುಕ್ಕೆಗಳನ್ನು ಕೈಯಿಂದಲೇ ಬಾಗಿಸಿ ಸೇರಿಸಿ. ಸೊನ್ನೆ ಇರುವಲ್ಲಿ ಚೂಪು ಕಿವಿ, 24 ಇರುವಲ್ಲಿ ದುಂಡು ಹಳ್ಳ. ಕತ್ತರಿಸಿ ಪೈಪಿಗೆ ಸುತ್ತಿ ಗೀರಿ. ಗೀರಿನ ಹೊರಗೇ ಗ್ರೈಂಡರ್ ಆಡಿಸಿ, ಕೊನೆಗೆ ಅರದಲ್ಲಿ ಉಜ್ಜಿ ಕೂರಿಸಿ. ಚೂಪು ಕಿವಿಯ ತುದಿಯನ್ನು 3 ಎಂಎಂ ಹಾರಿಸಿಬಿಡಿ, ಇಲ್ಲಾಂದ್ರೆ ಅದು ವೆಲ್ಡಿಂಗಿನಲ್ಲಿ ಕರಗಿ ತೂತು ಬೀಳುತ್ತದೆ. ಈ ಅಂಕಿ ಒಂದೇ ಸೈಜಿನ ಎರಡು ಪೈಪು 90 ಡಿಗ್ರಿಯಲ್ಲಿ ಸೇರುವಾಗ ಮಾತ್ರ. ಓರೆ ತುದಿಗಳಿಗೆ ಒಂದೊಂದನ್ನೂ ಉಜ್ಜಿ ಉಜ್ಜಿ ಕೂರಿಸಿದೆ, ಅರ್ಧ ದಿನ ಹೋಯಿತು. ಚೌಕ ಪೈಪಿನ ಕಾಲಿಗೆ ಇಷ್ಟು ರಗಳೆ ಇಲ್ಲ. ಪೈಪಿನ ಒಂದು ತುಂಡನ್ನು ಪಕ್ಕದ ಮೈ ಮೇಲೆ ಇಟ್ಟು ಅರ್ಧ ವೃತ್ತ ಗೀರಿ ಕತ್ತರಿಸಿದರೆ ಆಯಿತು.

ಎಲ್ಲ ತುಂಡು ತಯಾರಾದ ಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಪ್ಲೇಟುಗಳನ್ನು ಚಾಸಿಗೆ ಬಿಗಿದು, ಕಾಲು ಹಚ್ಚಿ, ಪೈಪು ಇಟ್ಟು, ಬರೀ ಟ್ಯಾಕ್ ಹೊಡೆಯಿರಿ, ಅಂದರೆ ಜಾಗ ಹಿಡಿಯೋಕೆ ಸಣ್ಣ ಚುಕ್ಕೆ ವೆಲ್ಡಿಂಗ್ ಅಷ್ಟೇ. ಅರ್ಥಿಂಗ್ ಕ್ಲಾಂಪನ್ನು ಟ್ಯಾಕ್ ಮಾಡುವ ಪೀಸಿಗೇ ಹಚ್ಚಿ, ಗಾಡಿಯ ಬೇರೆಲ್ಲೋ ಹಚ್ಚಬೇಡಿ. ಒಳಗೆ ಕಾರ್ಪೆಟ್ ಎತ್ತಿಡಿ, ಪಕ್ಕದಲ್ಲಿ ಒಬ್ಬರು ನೀರು, ಮರಳು ಇಟ್ಟುಕೊಂಡು ನಿಂತಿರಲಿ. ಪೈಪಿಗೂ ಬಾಡಿಯ ಕೆಳ ಅಂಚಿಗೂ ನಡುವೆ 20 ಎಂಎಂ ಸಂದಿ ಬಿಡಬೇಕು. ಬಾಡಿ ರಬ್ಬರಿನ ಮೇಲೆ ಕೂತಿದೆ, ಚಾಸಿ ತಿರುಚಿದಾಗ ಅದು ಅಲ್ಲಾಡುತ್ತದೆ. ಸಂದಿ ಸಮ ಇರಲಿ ಅಂತ 20 ಎಂಎಂ ಕಟ್ಟಿಗೆ ಪಟ್ಟಿಯನ್ನೇ ನಡುವೆ ಸಿಕ್ಕಿಸಿ ಟ್ಯಾಕ್ ಹೊಡೆದೆ. ಸ್ವಲ್ಪ ಸುಟ್ಟಿತು, ಪರವಾಗಿಲ್ಲ. ಬಾಗಿಲು ನಾಲ್ಕೂ ಪೂರ್ತಿ ತೆರೆದು ನೋಡಿ. ಬಿಚ್ಚುವ ಮೊದಲು ಪ್ಲೇಟುಗಳ ಮೇಲೆ ನಂಬರ್ ಬರೆಯಿರಿ.

ಪೂರ್ತಿ ವೆಲ್ಡಿಂಗು ಬೆಂಚಿನ ಮೇಲೆ. ಇಲ್ಲೂ ಒಮ್ಮೆ ಕೆಟ್ಟಿದ್ದೇನೆ. ಒಂದೇ ಬದಿಯಿಂದ ಸರಸರ ಎಳೆದುಬಿಟ್ಟೆ. ತಣ್ಣಗಾದ ಮೇಲೆ ಪೈಪು ಬಿಲ್ಲಿನ ಹಾಗೆ ಬಾಗಿತ್ತು, ನಡುವಿನ ಪ್ಲೇಟು ಚಾಸಿಗೆ ಮುಟ್ಟಲೇ ಇಲ್ಲ. ಈಗ ಹಳೆ ಗರ್ಡರ್ ತುಂಡಿಗೆ ಪೈಪನ್ನು ಕ್ಲಾಂಪ್ ಮಾಡಿ, ಮುಂದಿನ ಕಾಲಿಗೆ ಒಂದು ಇಂಚು, ಹಿಂದಿನ ಕಾಲಿಗೆ ಒಂದು ಇಂಚು, ಆಮೇಲೆ ನಡುವಿನದು, ಹೀಗೆ ಜಾಗ ಬದಲಿಸಿ ಹಚ್ಚುತ್ತೇನೆ. ನಡುನಡುವೆ ಚಹಾ ಕುಡಿದು ಬರುವಷ್ಟು ಹೊತ್ತು ಬಿಡಬೇಕು.

ಪೈಪಿನ ಜೋಡಣೆಗೆ 2.5 ಎಂಎಂನ 6013 ರಾಡು, 80 ಆಂಪ್ಸ್ ಆಸುಪಾಸು. ಕಾಲು ಪ್ಲೇಟಿಗೆ ಸೇರುವಲ್ಲಿ 3.15ರ 7018, 115 ಆಂಪ್ಸ್. 7018 ರಾಡು ಒಣಗಿರಬೇಕು, ಅಂದೇ ಒಡೆದ ಪ್ಯಾಕೆಟ್ ಆದರೆ ಒಳ್ಳೇದು. ಮಷೀನಿನ ಅಂಕಿಯನ್ನೇ ನಂಬಬೇಡಿ. ನಮ್ಮಲ್ಲಿ ಮಧ್ಯಾಹ್ನ ವೋಲ್ಟೇಜ್ ಬಿದ್ದಾಗ ಅದೇ 115ಕ್ಕೆ ರಾಡು ಅಂಟಿಕೊಳ್ಳುತ್ತದೆ. ತುಂಡು ಕಬ್ಬಿಣದ ಮೇಲೆ ಒಂದು ಗೆರೆ ಎಳೆದು, ಸುತ್ತಿಗೆಯಿಂದ ಮುರಿದು ಒಳಗೆ ನೋಡಿ, ಆಮೇಲೆ ಕೆಲಸದ ಪೀಸಿಗೆ ಹೋಗಿ. ಪ್ಲೇಟು ಮತ್ತು ಕಾಲಿನ ಮೂಲೆಗೆ 6 ಎಂಎಂನ ತ್ರಿಕೋನ ತುಂಡು ಹಾಕಿ, ಆದರೆ ಅದು ಚಾಸಿಗಿಂತ ಕೆಳಗೆ ಇಳಿಯಬಾರದು.

ಪೈಪಿನ ಬಾಯಿಗಳನ್ನು 3 ಎಂಎಂ ತಗಡಿನಿಂದ ಮುಚ್ಚಬೇಕು. ಮುಚ್ಚುವ ಮೊದಲು ತಳಕ್ಕೆ 6 ಎಂಎಂನ ಒಂದೆರಡು ತೂತು ಕೊರೆಯಿರಿ. ಪೂರ್ತಿ ಮುಚ್ಚಿದ ಪೈಪಿನೊಳಗೆ ಗಾಳಿ ಕಾದು, ಕೊನೆಯ ಹನಿ ವೆಲ್ಡಿಂಗನ್ನು ಊದಿ ಹಾಕುತ್ತದೆ. ಆಮೇಲೆ ಒಳಗೆ ಸೇರಿದ ನೀರಿಗೂ ಅದೇ ದಾರಿ.

ಎರಡು ಪೈಪಿನ ನಡುವೆ ಚೆಕರ್ ಪ್ಲೇಟ್ (ಉಬ್ಬು ಗೆರೆಯ ತಗಡು) ಹಾಕಿಕೊಡಿ, ಚಂದ ಕಾಣುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಬೇರೆ ಊರಲ್ಲಿ ಹಾಕಿ, ಕಲಬುರಗಿಯಲ್ಲಿ ಬೇಡ. ಮಳೆಗಾಲದಲ್ಲಿ ತೊಗರಿ ಹೊಲದ ದಾರಿಯಲ್ಲಿ ಒಮ್ಮೆ ಹೋಗಿ ಬಂದರೆ ಆ ಎರೆ ಮಣ್ಣು ಪ್ಲೇಟಿನ ಮೇಲೆ ಕೂತು, ಬಾಡಿಯ ಸಂದಿಯನ್ನು ತುಂಬಿ, ಒಣಗಿ ಸಿಮೆಂಟ್ ಆಗುತ್ತದೆ. ಒಳಗೆ ಮಾತ್ರ ತಿಂಗಳುಗಟ್ಟಲೆ ಹಸಿ. ಕಲ್ಲಿನಿಂದ ಉಳಿಸಿದ ತಗಡನ್ನು ತುಕ್ಕಿಗೆ ಕೊಟ್ಟ ಹಾಗೆ ಆಗುತ್ತದೆ. ತೆರೆದೇ ಇರಲಿ, ಪೈಪಿನ ನೀರು ಹೊಡೆದರೆ ಮಣ್ಣು ಕೆಳಗೆ ಬೀಳಬೇಕು.

ಪೈಂಟಿಗೆ ವೈರ್ ಬ್ರಷ್, ಥಿನ್ನರ್, ಎರಡು ಕೋಟ್ ರೆಡ್ ಆಕ್ಸೈಡ್, ಮೇಲೆ ಮ್ಯಾಟ್ ಕಪ್ಪು. ಮೇ ತಿಂಗಳಲ್ಲಾದರೆ ಬೆಳಗಿನ ಎಂಟರೊಳಗೆ ಮುಗಿಸಿ. ಬಿಸಿಲೇರಿದ ಮೇಲೆ ಬ್ರಷ್ ಎಳೆಯುವಷ್ಟರಲ್ಲೇ ಒಣಗಿ ಗಂಟು ಗಂಟಾಗುತ್ತದೆ. ಪೌಡರ್ ಕೋಟಿಂಗ್ ಮಾಡಿಸಬಹುದು, ಆದರೆ ಇದು ಕಲ್ಲಿಗೆ ಉಜ್ಜಲೆಂದೇ ಮಾಡಿದ ಸಾಮಾನು. ಗೀರು ಬಿದ್ದಾಗ ಮನೆಯಲ್ಲೇ ಹಚ್ಚೋಕೆ ಬರುವ ಪೈಂಟೇ ವಾಸಿ.

ಒಂದು ಬದಿಯ ಗಾರ್ಡ್ ಸುಮಾರು 25 ಕಿಲೋ ತೂಗಿತು. ಎರಡೂ ಸೇರಿ ಒಂದು ಚೀಲ ಸಿಮೆಂಟು. ಗಾಡಿ ಅಷ್ಟನ್ನು ದಿನಾ ಹೊರಬೇಕು, ಅದಕ್ಕೇ ನಾಲ್ಕನೇ ಕಾಲು, ಇನ್ನೊಂದು ಪೈಪು ಅಂತ ಆಸೆ ಪಡಬೇಡಿ.

ಕಾನೂನಿನ ಮಾತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಗಳ ಮುಂದಿನ ಕ್ರಾಶ್ ಗಾರ್ಡ್ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಅದಕ್ಕೆ ಆಧಾರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಗಾಡಿಯನ್ನು ಬದಲಾಯಿಸುವ ವಿಷಯದ್ದು. ಬದಿಯ ಗಾರ್ಡ್ ಹಾಕಿಸುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಪೈಪು ಬಾಡಿಯ ಅಗಲಕ್ಕಿಂತ ಹೊರಗೆ ಚಾಚಲೇಬಾರದು. ಸಂತೆಯ ದಿನ ಬೈಕಿನವರ ಮೊಣಕಾಲಿಗೆ ಸಿಗೋದು ಅದೇ ತಾನೆ.

ಬಿಗಿದಾದ ಮೇಲೆ ಪರೀಕ್ಷೆ. ಪೈಪಿಗೂ ಬಾಡಿಗೂ ನಡುವಿನ ಸಂದಿ ಅಳೆದು ಬರೆದಿಡಿ. ನಡುವಿನ ಕಾಲು ಪೈಪಿಗೆ ಸೇರುವಲ್ಲಿ ಬಾಟಲ್ ಜಾಕ್ ಇಟ್ಟು ಮೆಲ್ಲಗೆ ಎತ್ತಿ. ದುಂಡು ಪೈಪಿನಿಂದ ಜಾಕ್ ಜಾರುತ್ತದೆ, ನಡುವೆ ತೋಡು ಇರುವ ಕಟ್ಟಿಗೆ ಇಡಿ, ಕೆಳಗೆ ಯಾರೂ ಹೋಗಬೇಡಿ. ಆ ಬದಿಯ ಎರಡೂ ಗಾಲಿ ಹಗುರಾಗುವ ತನಕ ಎತ್ತಿ ಸಂದಿ ನೋಡಿ. ನಮ್ಮದು 20 ಇದ್ದಿದ್ದು 17ಕ್ಕೆ ಬಂತು, ಇಳಿಸಿದ ಮೇಲೆ ಮತ್ತೆ 20. ಇಳಿಸಿದ ಮೇಲೂ ಸಂದಿ ಕಡಿಮೆಯೇ ಉಳಿದರೆ ಎಲ್ಲೋ ಬಾಗಿದೆ ಅಥವಾ ಪ್ಲೇಟು ಜಾರಿದೆ. ಬಿಚ್ಚಿ ನೋಡಿ. ಬೋಲ್ಟುಗಳಿಗೆ ಟಾರ್ಕ್ ಪಾನಾದಲ್ಲಿ 80 ನ್ಯೂಟನ್ ಮೀಟರ್ ಕೊಟ್ಟೆ. 100 ಕಿಲೋಮೀಟರ್ ಓಡಿಸಿ ಬಂದ ಮೇಲೆ ಮತ್ತೊಮ್ಮೆ ಹಿಡಿದರೆ ಎರಡು ಬೋಲ್ಟು ಸ್ವಲ್ಪ ತಿರುಗಿದವು. ಪೈಂಟ್ ಒತ್ತಿಕೊಂಡಿರುತ್ತದೆ, ಹೊಸದರಲ್ಲಿ ಸಹಜ.

ಇಷ್ಟೆಲ್ಲ ಆದ ಮೇಲೆ ಗಾಡಿ ಮನೆಗೆ ಹೋಯಿತು. ಮರುದಿನವೇ ಅಕ್ಕನ ಫೋನ್. "ಏ ತಮ್ಮಾ, ಆ ಪೈಪಿನ ಮ್ಯಾಲ ಕಾಲಿಟ್ರ ಚಪ್ಪಲಿ ಜಾರತದ, ಏನರ ಮಾಡು." ಗಾರ್ಡ್ ಇರೋದು ಕಲ್ಲಿಗೆ, ಹತ್ತೋಕಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಗಾರ್ಡ್ ಬಿಚ್ಚಿ ತಂದು, ಬಾಗಿಲ ಎದುರಿಗೆ ಹೊರಗಿನ ಪೈಪಿನ ಮೇಲ್ಮೈಯಲ್ಲಿ ರಾಡಿನಿಂದ ಹನಿ ಹನಿಯಾಗಿ ವೆಲ್ಡಿಂಗ್ ಚುಕ್ಕೆ ಇಟ್ಟೆ, ಒಂದು ಗೇಣು ಉದ್ದ, ಮೂರು ಸಾಲು. ಮೇಲೆ ಮತ್ತೆ ಕಪ್ಪು ಬಳಿದೆ. ಈಗ ನೋಡಿದರೆ ಖಣಿಯ ಕಲ್ಲು ತಾಗಿದಲ್ಲಿ ಪೈಂಟ್ ಅಲ್ಲಲ್ಲಿ ಹೋಗಿದೆ. ಅಕ್ಕ ಕಾಲಿಡುವಲ್ಲಿ ಮಾತ್ರ ಪೂರ್ತಿ ಹೋಗಿ ಕಬ್ಬಿಣ ಹೊಳೆಯುತ್ತಿದೆ.